ಆಟ ಬರೆದಿಟ್ಟವರು: ಚದುರಂಗದ ಮೊದಲ ನಡೆಗಳ ಒಂದು ಚರಿತ್ರೆ

ನಮ್ಮ ಸಂಘದಲ್ಲಿ ಶುಕ್ರವಾರ ಸಂಜೆ ನಡೆಯುವ ಮಕ್ಕಳ ಚೆಸ್ ತರಗತಿಗೆ ನಿವೃತ್ತನಾದ ಮೇಲೆ ನಾನೂ ಹೋಗಿ ಕೂರುತ್ತೇನೆ. ಕಳೆದ ವರ್ಷ ಆರನೇ ತರಗತಿಯ ಹುಡುಗನೊಬ್ಬ ಕೇಳಿದ: "ಡಾಕ್ಟರ್ ಅಂಕಲ್, ಓಪನಿಂಗ್ ಎಷ್ಟು ಬೈಹಾರ್ಟ್ ಮಾಡಬೇಕು? ಹತ್ತು ಮೂವ್ ಸಾಕಾ, ಹದಿನೈದು ಬೇಕಾ?"

ಪರೀಕ್ಷೆಗೆ ಎಷ್ಟು ಪಾಠ ಬರುತ್ತದೆ ಎಂದು ಕೇಳುವ ಧಾಟಿ ಅದು. ನನಗೆ ನಗು ಬಂತು, ಆದರೆ ನಗುವ ಹಕ್ಕು ನನಗಿರಲಿಲ್ಲ. ಅವನ ವಯಸ್ಸಿಗಿಂತ ಹತ್ತು ವರ್ಷ ದೊಡ್ಡವನಾಗಿದ್ದಾಗ ನಾನೂ ಅದನ್ನೇ ಮಾಡಿದ್ದೆ. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ, ಸಕ್ಕರೆ ಕಾಯಿಲೆಯ ಮೇಲೆ ಬರೆಯುತ್ತೇನೆಂದು ಅವರು ಅಂದುಕೊಂಡಿರಬೇಕು. ಆ ಲೇಖನ ಬೇರೆ ವೈದ್ಯ ಮಿತ್ರರು ಬರೆದಿದ್ದಾರೆ. ನಾನು ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತ ಓದಿದ್ದನ್ನು ಇಲ್ಲಿ ಬರೆಯುತ್ತೇನೆ. ಆಟದ ಮೊದಲ ಹತ್ತು ಹನ್ನೆರಡು ನಡೆಗಳನ್ನು ಜನ ಹೇಗೆ ಕಲಿತರು, ಯಾರಿಂದ ಕಲಿತರು ಎಂಬ ಚರಿತ್ರೆ ಅದು.

ನನ್ನ ಮೂರ್ಖತನದಿಂದಲೇ ಶುರು ಮಾಡುವುದು ನ್ಯಾಯ. 1970ರ ದಶಕದ ಕೊನೆಯಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಗ ಹಾಸ್ಟೆಲಿನ ಹಿರಿಯರೊಬ್ಬರಿಂದ ಓಪನಿಂಗುಗಳ ದಪ್ಪ ಪುಸ್ತಕವೊಂದು ಕೈಗೆ ಬಂತು. ಕಂಬ ಕಂಬವಾಗಿ ಬರೀ ನಡೆಗಳು, ಕೊನೆಗೆ 'ಬಿಳಿಗೆ ಮೇಲುಗೈ' ಅಥವಾ 'ಸಮ' ಎಂಬರ್ಥದ ಒಂದು ಚಿಹ್ನೆ. ಅನಾಟಮಿಯ ನರಗಳ ಹೆಸರು ಉರು ಹೊಡೆದ ಹಾಗೆ ಸಿಸಿಲಿಯನ್ ಡಿಫೆನ್ಸಿನ ಹದಿನಾಲ್ಕು ನಡೆಗಳನ್ನು ಉರು ಹೊಡೆದೆ. ಅಂತರ ಕಾಲೇಜು ಪಂದ್ಯದಲ್ಲಿ ಎದುರಿಗೆ ಕೂತವನು ಇ4 ಆಡಿದ, ನಾನು ಠೀವಿಯಿಂದ ಸಿ5 ಆಡಿದೆ. ಅವನು ಎರಡನೇ ನಡೆಯಲ್ಲೇ ಸಿ3 ಎಂದು ಒಂದು ಕಾಲಾಳನ್ನು ಒಂದೇ ಮನೆ ಮುಂದೆ ತಳ್ಳಿದ. ನಾನು ಆ ಪುಟ ಓದಿರಲಿಲ್ಲ. ಹದಿನಾಲ್ಕು ನಡೆಗಳ ನನ್ನ ಆಸ್ತಿ ಒಂದೇ ನಡೆಯಲ್ಲಿ ಹೋಯಿತು. ಇಪ್ಪತ್ತು ನಡೆಯೊಳಗೆ ಸೋತು ಎದ್ದೆ.

ಆ ರಜೆಗೆ ನಂಜನಗೂಡಿನ ಹತ್ತಿರದ ನಮ್ಮ ಊರಿಗೆ ಹೋದಾಗ ಅಜ್ಜನ ಮುಂದೆ ಇದನ್ನು ಹೇಳಿಕೊಂಡೆ. ನಮ್ಮಜ್ಜ ದೊಡ್ಡ ಆಟಗಾರ. ಎಂದರೆ ಜಗಲಿಯ ಮಟ್ಟಿಗೆ ದೊಡ್ಡವರು. ಬಟ್ಟೆಯ ಹಾಸು, ಬಣ್ಣ ಹೋದ ಮರದ ಕಾಯಿ. ಶಾನುಭೋಗರೊಬ್ಬರು ಅವರಿಗೆ ಕಾಯಂ ಎದುರಾಳಿ. ಅವರದು ದೇಸಿ ಕಟ್ಟಳೆ: ಕಾಲಾಳು ಎಂದೂ ಒಂದೇ ಮನೆ ನಡೆಯಬೇಕು, ಕ್ಯಾಸಲಿಂಗ್ ಇಲ್ಲ, ರಾಜನಿಗೆ ಆಟದಲ್ಲಿ ಒಮ್ಮೆ ಮಾತ್ರ ಕುದುರೆಯ ಹಾಗೆ ಹಾರುವ ಹಕ್ಕು, ಅದೂ ಶಹ ಬೀಳುವುದಕ್ಕೆ ಮುಂಚೆ. ಕೊನೆಯ ಸಾಲು ಮುಟ್ಟಿದ ಕಾಲಾಳು ತಾನು ನಿಂತ ಸಾಲಿನ ಕಾಯಿಯೇ ಆಗಬೇಕು. ಅಜ್ಜ ಮೊದಲು ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ ಆ ಕಿಂಡಿಯಲ್ಲಿ ಒಂಟೆಯನ್ನು ಕೂರಿಸುತ್ತಿದ್ದರು. ಆಮೇಲೆ ಕುದುರೆ, ಆಮೇಲೆ ಮಂತ್ರಿಯ ಮುಂದಿನ ಕಾಲಾಳು ಒಂದು ಮನೆ. ಎದುರಿನವರು ನಡು ಹಾಸನ್ನೆಲ್ಲ ತುಂಬಿಕೊಂಡರೂ ಅವರಿಗೆ ಅವಸರವಿಲ್ಲ.

ಪುಸ್ತಕ ಓದಿದ ಮೊಮ್ಮಗ ನಾನು. "ಅಜ್ಜ, ಇದು ತಪ್ಪು ಆಟ. ನಡುಮನೆಗಳನ್ನು ಮೊದಲು ಹಿಡಿಯಬೇಕು" ಎಂದೆ. ಅವರು "ಹಾಗೋ?" ಎಂದು ಎಲೆ ಅಡಿಕೆ ಹಾಕಿಕೊಂಡರು. ಆ ರಜೆಯಲ್ಲಿ ಅವರ ಕಟ್ಟಳೆಯಲ್ಲಿ ಆಡಲು ನಾನು ಒಪ್ಪಲಿಲ್ಲ. ಎರಡು ವರ್ಷದಲ್ಲಿ ಅವರು ತೀರಿಕೊಂಡರು. ಆಟವನ್ನು ಕಾಗದದ ಮೇಲೆ ಬರೆದುಕೊಳ್ಳುವ ವಿದ್ಯೆ ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅವರ ಒಂದು ಆಟವನ್ನೂ ಬರೆದುಕೊಳ್ಳಲಿಲ್ಲ. ಊರಿನ ಪ್ರತಿ ಜಮೀನಿನ ಚೆಕ್ಕುಬಂದಿ ಬರೆದಿಟ್ಟ ಶಾನುಭೋಗರೂ ಬರೆದಿಡಲಿಲ್ಲ.

ಮುಂದಿನದು ಬಹ್ರೇನಿಗೆ ಬಂದ ಮೇಲಿನ ಕತೆ. 1980ರ ದಶಕದ ಕೊನೆಯಲ್ಲಿ ಮನಾಮಾದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಾಗ ಎಕ್ಸ್‌ರೇ ವಿಭಾಗದಲ್ಲಿ ಬಸ್ರಾ ಊರಿನ ಇರಾಕಿ ವೈದ್ಯರೊಬ್ಬರಿದ್ದರು. ರಾತ್ರಿ ಪಾಳಿಯಲ್ಲಿ ರೋಗಿಗಳಿಲ್ಲದಾಗ ಚೆಸ್ ಆಡುತ್ತಿದ್ದೆವು. ಒಮ್ಮೆ ನಾನು ಹಟಕ್ಕೆ ಬಿದ್ದು ಅಜ್ಜನ ವರಸೆಯಲ್ಲಿ ಕಾಯಿ ಜೋಡಿಸಿದೆ. ಅವರು ನೋಡಿ, "ಓಹೋ, ತಾಬಿಯಾ ಕಟ್ಟುತ್ತಿದ್ದೀರಿ" ಎಂದರು. ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ತಾಬಿಯಾ ಎಂದರೆ ಅರಬ್ಬಿಯಲ್ಲಿ ಯುದ್ಧಕ್ಕೆ ಮುಂಚೆ ಸೈನ್ಯವನ್ನು ಸಾಲುಗಟ್ಟಿ ನಿಲ್ಲಿಸುವುದು, ನಮ್ಮ 'ವ್ಯೂಹ' ಎಂಬ ಮಾತಿಗೆ ಹತ್ತಿರ. ಭಾರತದಿಂದ ಪರ್ಷಿಯಾ ಮೂಲಕ ಅರಬರಿಗೆ ಬಂದ ಚದುರಂಗ ಅವರ ಬಾಯಲ್ಲಿ ಶತ್ರಂಜ್ ಆಯಿತು. ಆ ಆಟದಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ, ಕಾಲಾಳಿಗೂ ಒಂದೇ ಮನೆ. ಎರಡು ಸೈನ್ಯಗಳು ಒಂದನ್ನೊಂದು ಮುಟ್ಟಬೇಕಾದರೆ ಹತ್ತು ಹನ್ನೆರಡು ನಡೆ ಬೇಕು. ಅಷ್ಟು ಹೊತ್ತು ಎದುರಾಳಿ ಏನು ಮಾಡುತ್ತಾನೆಂದು ಹೆಚ್ಚು ತಲೆಕೆಡಿಸಿಕೊಳ್ಳದೆ ತನ್ನ ವ್ಯೂಹವನ್ನು ಕಟ್ಟಿಕೊಳ್ಳಬಹುದಿತ್ತು. ಒಳ್ಳೆಯ ವ್ಯೂಹಗಳಿಗೆ ಹೆಸರುಗಳಿದ್ದವು: ರೆಕ್ಕೆಯುಳ್ಳದ್ದೆಂಬ ಅರ್ಥದ ಮುಜನ್ನಹ್, ಹರಿಯುವ ಪ್ರವಾಹವೆಂಬ ಸಯ್ಯಾಲ್, ಹಿರಿಯ ಶೇಖರ ಮಶಾಯಿಖಿ. ಒಂದರ ಹೆಸರಂತೂ ಮೇಕೆ ಕಟ್ಟುವ ಗೂಟ! ಇವನ್ನು ಕುರಿತು ಬರೆದವರಲ್ಲಿ 9ನೇ ಶತಮಾನದ ಅಲ್ ಅದ್ಲಿ, 10ನೇ ಶತಮಾನದ ಅಸ್ ಸೂಲಿ, ಅಸ್ ಸೂಲಿಯ ಶಿಷ್ಯ ಅಲ್ ಲಜ್‌ಲಾಜ್ ಮುಖ್ಯರು. ಲಜ್‌ಲಾಜ್ ಎಂದರೆ ಉಗ್ಗುವವನು ಎಂದರ್ಥ. ಆ ಉಗ್ಗುವವನೇ ಆರಂಭದ ನಡೆಗಳನ್ನು ಒಂದೊಂದಾಗಿ ಬಿಡಿಸಿ ವಿವರಿಸಿದ ಎಂಬುದು ನನಗೆ ಪ್ರಿಯವಾದ ಸಂಗತಿ.

ಅಸ್ ಸೂಲಿಯ ಬಗ್ಗೆ ಒಂದು ಕತೆ ಇದೆ. ಬಗ್ದಾದಿನ ಖಲೀಫ ಅಲ್ ಮುಕ್ತಫಿಯ ಆಸ್ಥಾನದಲ್ಲಿ ಅಲ್ ಮಾವರ್ದಿ ಎಂಬವನೇ ಮೇಲಾದ ಆಟಗಾರ, ಖಲೀಫನಿಗೆ ಅಚ್ಚುಮೆಚ್ಚು. ಮಾವರ್ದಿ ಎಂದರೆ ಪನ್ನೀರಿನವನು. ಹೊಸಬ ಅಸ್ ಸೂಲಿ ಅವನನ್ನು ಸುಲಭವಾಗಿ ಸೋಲಿಸಿದಾಗ ಖಲೀಫ ಹಳೆಯ ಮೆಚ್ಚಿನವನ ಕಡೆ ತಿರುಗಿ, ನಿನ್ನ ಪನ್ನೀರು ಉಚ್ಚೆಯಾಯಿತಲ್ಲ ಎಂದು ಹಂಗಿಸಿದನಂತೆ. (ಮೂವತ್ತೈದು ವರ್ಷ ಮೂತ್ರ ಪರೀಕ್ಷೆಯ ವರದಿ ಓದಿದವನಿಗೆ ಈ ಕತೆ ಹೇಳದೆ ಬಿಡಲಾಗದು, ಕ್ಷಮಿಸಿ.) ಅಸ್ ಸೂಲಿ ಮುಂದೆ ರಾಜಕೀಯದಲ್ಲಿ ಸಿಕ್ಕಿ ಬಗ್ದಾದ್ ಬಿಟ್ಟು ಬಸ್ರಾದಲ್ಲಿ ಸತ್ತ. ನನ್ನ ಗೆಳೆಯರು ಅವನನ್ನು ತಮ್ಮ ಊರಿನವನೆಂದೇ ಲೆಕ್ಕ ಹಿಡಿದಿದ್ದರು.

ತಾಬಿಯಾದ ಕಾಲ ಮುಗಿದದ್ದು ಯುರೋಪಿನಲ್ಲಿ. 15ನೇ ಶತಮಾನದ ಕೊನೆಗೆ ಅಲ್ಲಿ ಮಂತ್ರಿ ರಾಣಿಯಾಗಿ ಹಾಸಿನ ಉದ್ದಗಲಕ್ಕೂ ಓಡಾಡತೊಡಗಿದಳು. ಎರಡನೇ ನಡೆಗೇ ಅಪಾಯ ಮನೆ ಬಾಗಿಲಿಗೆ ಬಂತು. ನಿಧಾನವಾಗಿ ವ್ಯೂಹ ಕಟ್ಟುವವನು ಕಟ್ಟುವ ಮೊದಲೇ ಸಾಯುತ್ತಿದ್ದ. ಸ್ಪೇನಿನ ಲುಸೆನಾ 1497ರಲ್ಲಿ, ರುಯ್ ಲೋಪೆಜ್ ಎಂಬ ಪಾದ್ರಿ 1561ರಲ್ಲಿ, ಫ್ರಾನ್ಸಿನ ಫಿಲಿಡೋರ್ 1749ರಲ್ಲಿ ಪುಸ್ತಕ ಪ್ರಕಟಿಸಿದರು. ಆದರೆ ಆ ಪುಸ್ತಕಗಳಲ್ಲಿದ್ದದ್ದು ಹೆಚ್ಚಾಗಿ ಲೇಖಕ ತಾನೇ ಕೂತು ಹೊಸೆದ ನಡೆಗಳು. ಎದುರಾಳಿ ಲೇಖಕನಿಗೆ ಬೇಕಾದ ಹಾಗೆ ತಪ್ಪು ಮಾಡುತ್ತಾನೆ. ನಮ್ಮ ಹಳೆಯ ವೈದ್ಯಗ್ರಂಥಗಳ ರೋಗಿ ಗ್ರಂಥದಲ್ಲಿ ಹೇಳಿದಂತೆಯೇ ನರಳುವ ಹಾಗೆ.

ನಿಜವಾದ ಆಟಗಳಿಂದ ಕಲಿಯುವುದು ಶುರುವಾಗಬೇಕಾದರೆ ನಿಜವಾದ ಆಟಗಳನ್ನು ಯಾರಾದರೂ ಬರೆದಿಡಬೇಕಲ್ಲ. 1851ರಲ್ಲಿ ಲಂಡನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಅದನ್ನು ಏರ್ಪಡಿಸಿದ ಹೊವಾರ್ಡ್ ಸ್ಟಾಂಟನ್ ಮರುವರ್ಷ ಅಲ್ಲಿನ ಆಟಗಳನ್ನು ಪುಸ್ತಕವಾಗಿ ಅಚ್ಚು ಹಾಕಿದ. ಸೋತವನ ನಡೆ, ಗೆದ್ದವನ ನಡೆ ಎರಡೂ ಇದ್ದ ಹಾಗೆಯೇ ಓದುಗನ ಕೈಗೆ ಬಂದವು. ಆಮೇಲೆ ದೊಡ್ಡ ಪಂದ್ಯಾವಳಿ ಎಂದರೆ ಅದರ ಆಟಗಳ ಪುಸ್ತಕವೂ ಬರಬೇಕು ಎಂಬ ರೂಢಿ ಬೆಳೆಯಿತು.

ಇದೇ ಹೊತ್ತಿಗೆ ಕಲ್ಕತ್ತೆಯಲ್ಲಿ ನಡೆದ ಒಂದು ಸಂಗತಿ ನನ್ನ ಮಟ್ಟಿಗೆ ಈ ಚರಿತ್ರೆಯ ನಡುಮನೆ. ಜಾನ್ ಕಾಕ್ರೇನ್ ಎಂಬ ಸ್ಕಾಟಿಷ್ ಬ್ಯಾರಿಸ್ಟರು ಅಲ್ಲಿ ವಕೀಲಿ ಮಾಡುತ್ತಿದ್ದ. ಲಂಡನ್ನಿನ ಒಳ್ಳೆಯ ಆಟಗಾರರ ಸಾಲಿನವನು. ಕಲ್ಕತ್ತೆಯಲ್ಲಿ ಅವನಿಗೆ ಸರಿಸಾಟಿ ಇಲ್ಲದೆ ಬೇಸರ. 1848ರ ಸುಮಾರಿಗೆ, ಹಳ್ಳಿಗಾಡಿನಲ್ಲಿ ಎಂದೂ ಸೋಲದ ಬ್ರಾಹ್ಮಣನೊಬ್ಬನಿದ್ದಾನೆ ಎಂಬ ಸುದ್ದಿ ತಿಳಿದು ಅವರನ್ನು ಕರೆತಂದರು. ಅವರೇ ಮಹೇಶ್‌ಚಂದ್ರ ಬ್ಯಾನರ್ಜಿ. ದೇಸಿ ಕಟ್ಟಳೆಯಲ್ಲಿ ಪಳಗಿದ ಕೈ. ಯುರೋಪಿನ ಕಟ್ಟಳೆ ಕಲಿತು ಕಾಕ್ರೇನ್ ಎದುರು ಕೂತರು. ಮುಂದಿನ ಹನ್ನೆರಡು ವರ್ಷಗಳಲ್ಲಿ ಇಬ್ಬರೂ ಆಡಿದ ನೂರಾರು ಆಟ ಉಳಿದಿವೆ. ಕಾಕ್ರೇನೇ ಹೆಚ್ಚು ಗೆದ್ದದ್ದು, ಅದರಲ್ಲಿ ಅನುಮಾನವಿಲ್ಲ. ಅವನು ಕುದುರೆಯನ್ನೇ ಬಲಿ ಕೊಟ್ಟು ನುಗ್ಗುತ್ತಿದ್ದ ಒಂದು ದಾಳಿಗೆ ಇಂದಿಗೂ ಕಾಕ್ರೇನ್ ಗ್ಯಾಂಬಿಟ್ ಎಂದೇ ಹೆಸರು. ಅದರ ಮೊದಲ ಏಟು ತಿಂದವರಲ್ಲಿ ಮಹೇಶ್‌ಚಂದ್ರರೂ ಒಬ್ಬರು.

ಆದರೆ ಕಪ್ಪು ಕಾಯಿ ಹಿಡಿದಾಗ ಮಹೇಶ್‌ಚಂದ್ರರು ಆಡುತ್ತಿದ್ದ ವರಸೆ ನೋಡಿ. ಕುದುರೆಯ ಮುಂದಿನ ಕಾಲಾಳು ಒಂದು ಮನೆ. ಆ ಕಿಂಡಿಯಲ್ಲಿ ಒಂಟೆ. ನಡು ಹಾಸನ್ನು ಬೇಕಾದರೆ ನೀನೇ ತೆಗೆದುಕೋ ಎಂಬ ನಿರಾಳ. ಕಾಲಾಳಿಗೆ ಒಂದೇ ಮನೆ ಎಂಬ ಕಟ್ಟಳೆಯಲ್ಲಿ ಬೆಳೆದವನ ಕೈಗೆ ಅದು ಸಹಜ. 1855ರ ಒಂದು ಆಟದಲ್ಲಿ ಬಿಳಿ ಡಿ4, ಕಪ್ಪು ಕುದುರೆ ಎಫ್6, ಸಿ4, ಜಿ6, ಕುದುರೆ ಸಿ3, ಡಿ5. ಮುಂದೆ ಕಪ್ಪು ಒಂಟೆ ಜಿ7ಕ್ಕೆ ಬಂದು ಕೂತಿತು. ಬಿಳಿ ನಡುವಿನಲ್ಲಿ ಕಾಲಾಳುಗಳ ಗೋಡೆ ಕಟ್ಟಿದ ಮೇಲೆ ಕಪ್ಪು ಸಿ5 ಆಡಿ ಪಕ್ಕದಿಂದ ಆ ಗೋಡೆಗೆ ಹಾರೆ ಹಾಕಿತು. ದೂರದ ಮೂಲೆಯಿಂದ ಒಂಟೆ ಅದೇ ಗೋಡೆಯನ್ನು ಗುರಿ ಹಿಡಿದಿತ್ತು. ಕೊನೆಗೆ ಕಾಕ್ರೇನ್ ಮಂತ್ರಿಯನ್ನೇ ಬಲಿ ಕೊಟ್ಟು ಆಟ ಗೆದ್ದ. 67 ವರ್ಷಗಳ ನಂತರ, 1922ರಲ್ಲಿ, ವಿಯೆನ್ನಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ ಅದೇ ಮೂರು ನಡೆಗಳಿಂದ ದೊಡ್ಡ ಆಟಗಾರರನ್ನು ಎದುರಿಸಿದಾಗ ಜಗತ್ತು ಅದನ್ನು ಗ್ರುನ್‌ಫೆಲ್ಡ್ ಡಿಫೆನ್ಸ್ ಎಂದು ಕರೆಯಿತು. ಹೆಸರು ವಿಯೆನ್ನಾದವನಿಗೆ ಹೋಯಿತೆಂದು ನಾನು ಜಗಳಕ್ಕೆ ನಿಲ್ಲುವುದಿಲ್ಲ. ಅದರ ಸೋದರ ಓಪನಿಂಗುಗಳಿಗೆಲ್ಲ ಕಿಂಗ್ಸ್ ಇಂಡಿಯನ್, ನಿಮ್ಜೋ ಇಂಡಿಯನ್, ಕ್ವೀನ್ಸ್ ಇಂಡಿಯನ್ ಎಂದು 'ಇಂಡಿಯನ್' ಅಂಟಿಕೊಂಡಿದೆಯಲ್ಲ, ಅದರ ಬೇರು ಈ ಕಲ್ಕತ್ತೆಯ ಆಟಗಳಲ್ಲಿದೆ ಎಂದು ಚರಿತ್ರಕಾರರು ಹೇಳುತ್ತಾರೆ.

ಮಹೇಶ್‌ಚಂದ್ರರು ಯಾವ ಪುಸ್ತಕವನ್ನೂ ಬರೆಯಲಿಲ್ಲ. ಕಲ್ಕತ್ತೆಯ ಆಟಗಳು ಕಾಗದಕ್ಕಿಳಿದು ಲಂಡನ್ನಿನ ಚೆಸ್ ಪತ್ರಿಕೆಗೆ ಹೋದದ್ದರಿಂದ ಅವರು ಉಳಿದರು. ಅವರ ಕಾಲದಲ್ಲಿ ಅಂಥವರು ಬಂಗಾಳದಲ್ಲಿ, ಅವಧದಲ್ಲಿ, ನಮ್ಮ ಮೈಸೂರು ಸೀಮೆಯಲ್ಲಿ ಇನ್ನೆಷ್ಟು ಮಂದಿ ಇದ್ದರೋ. ಅವರ ಪಕ್ಕದಲ್ಲಿ ಒಬ್ಬ ಕಾಕ್ರೇನ್ ಕೂತಿರಲಿಲ್ಲ.

ಮೈಸೂರು ಎಂದಾಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಬಿಟ್ಟು ಮುಂದೆ ಹೋಗಲಾಗದು. ಅದಕ್ಕೂ ಹಿಂದೆ, 12ನೇ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳ ನಡುವೆ ಚದುರಂಗವೂ ಬರುತ್ತದೆ. ಆದ್ದರಿಂದ ನಮ್ಮ ನಾಡಿಗೆ ಈ ಆಟ ಹೊಸದಲ್ಲ. ಮುಮ್ಮಡಿಯವರ ಆಡಳಿತವನ್ನು 1831ರಲ್ಲಿ ಕಂಪನಿ ಸರಕಾರ ಕಿತ್ತುಕೊಂಡಿತು. 1868ರಲ್ಲಿ ತೀರಿಕೊಳ್ಳುವ ತನಕ ಅವರು ಸಾಹಿತ್ಯ, ಚಿತ್ರ, ಸಂಗೀತ, ಆಟಗಳಲ್ಲಿ ಮನಸ್ಸಿಟ್ಟರು. ಶ್ರೀತತ್ತ್ವನಿಧಿಯ ಕೊನೆಯ ಭಾಗ ಕೌತುಕನಿಧಿ ಆಟಗಳಿಗೇ ಮೀಸಲು. ಕುದುರೆಯೊಂದು 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮೆಟ್ಟಿ ಬರುವ ಓಟವನ್ನು ಅವರು ಬಗೆಬಗೆಯಾಗಿ ಬಿಡಿಸಿದರು. ಅಡ್ಡಸಾಲು, ಉದ್ದಸಾಲು ಯಾವುದನ್ನು ಕೂಡಿದರೂ 260 ಬರುವ ಓಟವೂ ಅವರ ಹೆಸರಿನಲ್ಲಿದೆ. ಕುದುರೆ ಓಡಿದ ದಾರಿ ಇಷ್ಟು ವರ್ಷ ಅಳಿಸದೆ ಉಳಿದದ್ದು ಮನೆಮನೆಗೂ ಅಂಕಿ ಹಾಕಿ ಬರೆದಿಟ್ಟದ್ದರಿಂದ. ಅರಮನೆಯಲ್ಲಿ ಆಯಿತು, ಅಲ್ಲಿಂದ ಹದಿನೈದು ಮೈಲಿ ದೂರದ ನಮ್ಮೂರ ಜಗಲಿಯಲ್ಲಿ ಆಗಲಿಲ್ಲ.

ಇಲ್ಲಿ ನನ್ನ ವೃತ್ತಿಯವರೊಬ್ಬರನ್ನು ಹೆಮ್ಮೆಯಿಂದ ಪರಿಚಯಿಸಬೇಕು. ಡಾ. ಸೀಗ್ಬರ್ಟ್ ಟಾರಾಶ್ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ವೈದ್ಯ ವೃತ್ತಿ ಮಾಡುತ್ತಿದ್ದವರು, ತಮ್ಮ ಕಾಲದಲ್ಲಿ ಜಗತ್ತಿನ ಮೇಲಿನ ಎರಡು ಮೂರು ಆಟಗಾರರಲ್ಲಿ ಒಬ್ಬರು. 1895ರಲ್ಲಿ ತಮ್ಮದೇ ಮುನ್ನೂರು ಆಟಗಳನ್ನು ಆಯ್ದು, ಪ್ರತಿಯೊಂದಕ್ಕೂ ಟಿಪ್ಪಣಿ ಬರೆದು ಪ್ರಕಟಿಸಿದರು. ನನ್ನ ದೃಷ್ಟಿಯಲ್ಲಿ ಅದು ಒಬ್ಬ ವೈದ್ಯ ಬರೆದ ಕೇಸ್ ಶೀಟುಗಳ ಕಟ್ಟು. ಈ ರೋಗಿ ಹೀಗೆ ಬಂದ, ಇದನ್ನು ಕೊಟ್ಟೆವು, ಇಲ್ಲಿ ತಪ್ಪಿತು. ಮೆಡಿಕಲ್ ಕಾಲೇಜಿನಲ್ಲಿ ಮೂರನೇ ವರ್ಷ ವಾರ್ಡಿಗೆ ಬಂದಾಗ ನಮಗೆಲ್ಲ ಆಗುವ ಅನುಭವ ಇದೇ ಅಲ್ಲವೇ? ಪುಸ್ತಕದಲ್ಲಿ ಓದಿದ ಟೈಫಾಯ್ಡು ಹಾಸಿಗೆಯ ಮೇಲೆ ಮಲಗಿರುವುದಿಲ್ಲ. ನಂಜನಗೂಡಿನ ಒಬ್ಬ ಸಿದ್ದಮ್ಮ ಮಲಗಿರುತ್ತಾಳೆ. ಹತ್ತು ಸಿದ್ದಮ್ಮಂದಿರನ್ನು ನೋಡಿದ ಮೇಲೆ ಪುಸ್ತಕದ ಸಾಲು ಅರ್ಥವಾಗುತ್ತದೆ.

ಟಾರಾಶರಿಗೂ ಒಂದು ಕುರುಡು ಇತ್ತು. ನಡುಮನೆಗಳನ್ನು ಕಾಲಾಳುಗಳಿಂದ ಹಿಡಿಯುವುದೇ ಸರಿ ಎಂದು ಅವರು ಹಟ ಹಿಡಿದಿದ್ದರು. ನಿಮ್ಜೋವಿಚ್ ಮತ್ತು ಅವನ ಪೀಳಿಗೆಯ ಇಂಡಿಯನ್ ವರಸೆಗಳು ಅವರಿಗೆ ವಿಕಾರವಾಗಿ ಕಂಡವು. ನಾನು ಅಜ್ಜನಿಗೆ ಹೇಳಿದ ಮಾತು ಹಾಗಾದರೆ ಮೂಲದಲ್ಲಿ ಡಾ. ಟಾರಾಶರದು. ಒಳ್ಳೆಯ ವೈದ್ಯರ ಹಳೆಯ ಅಭಿಪ್ರಾಯಗಳೂ ಎಷ್ಟು ದೂರ ಹರಡುತ್ತವೆ ನೋಡಿ.

ಬರೆದ ಆಟ ಓದದವನು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಮೀರ್ ಸುಲ್ತಾನ್ ಖಾನ್ ಸಾಕ್ಷಿ. ಪಂಜಾಬಿನ ಜಮೀನ್ದಾರ ಸರ್ ಉಮರ್ ಹಯಾತ್ ಖಾನರ ಪರಿವಾರದವನಾಗಿ 1929ರಲ್ಲಿ ಲಂಡನ್ನಿಗೆ ಹೋದ ಆತ ದೇಸಿ ಕಟ್ಟಳೆಯಲ್ಲಿ ಬೆಳೆದವನು. ಅಲ್ಲಿನ ಒಂದು ಸಣ್ಣ ಪಂದ್ಯದಲ್ಲಿ ಓಪನಿಂಗ್ ತಿಳಿಯದೆ ಕೊನೆಯ ಸ್ಥಾನ ಹಂಚಿಕೊಂಡ. ವಿಲಿಯಂ ವಿಂಟರ್ ಮತ್ತು ಫ್ರೆಡ್ರಿಕ್ ಯೇಟ್ಸ್ ಎಂಬ ಇಬ್ಬರು ಇಂಗ್ಲಿಷ್ ಆಟಗಾರರು ಜೊತೆಗೆ ಕೂತು ತಯಾರು ಮಾಡಿದರು. ಅದೇ ವರ್ಷ ಬ್ರಿಟಿಷ್ ಚಾಂಪಿಯನ್. 1932, 1933ರಲ್ಲಿ ಮತ್ತೆ. ನಡುವೆ ಹೇಸ್ಟಿಂಗ್ಸ್‌ನಲ್ಲಿ ಕಪಾಬ್ಲಾಂಕಾನನ್ನು ಸೋಲಿಸಿದ. 1933ರ ಕೊನೆಗೆ ಯಜಮಾನನ ಜೊತೆ ಊರಿಗೆ ಮರಳಿ 1966ರಲ್ಲಿ ಸರಗೋಧಾದಲ್ಲಿ ತೀರಿಕೊಂಡ. ಗ್ರ್ಯಾಂಡ್‌ಮಾಸ್ಟರ್ ಗೌರವ ಸಿಕ್ಕಿದ್ದು 2024ರಲ್ಲಿ.

ನಮ್ಮ ದೇಶದಲ್ಲಿ ದೇಸಿ ಕಟ್ಟಳೆಯಿಂದ ಅಂತರರಾಷ್ಟ್ರೀಯ ಕಟ್ಟಳೆಗೆ ಜನರನ್ನು ದಾಟಿಸಿದವರಲ್ಲಿ ಮ್ಯಾನುಯೆಲ್ ಆರನ್ ಮೊದಲಿಗರು. 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದವರು. ಗುಂಪು ಕಟ್ಟಿ, ಓಪನಿಂಗ್ ಓದಿ, ಚೆಸ್ ಪುಸ್ತಕ ಓದಿ ಎಂದು ಬೆನ್ನು ಹತ್ತಿದರು. ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ 1972ರಲ್ಲಿ ಶುರುವಾದ ಮಿಖಾಯಿಲ್ ತಾಲ್ ಕ್ಲಬ್ಬಿನಲ್ಲಿ ಸೋವಿಯತ್ ಪುಸ್ತಕ, ಪತ್ರಿಕೆ ಸಿಗುತ್ತಿದ್ದವು. ವಿಶ್ವನಾಥನ್ ಆನಂದ್ ಎಂಬ ಹುಡುಗ ಅಲ್ಲಿ ಕೂತು ಆಡಿದ, 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ. ಕರ್ನಾಟಕಕ್ಕೆ ಆ ದಿನ ಬರಲು 2017ರ ತನಕ ಕಾಯಬೇಕಾಯಿತು, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ನಮ್ಮ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್, ದೇಶಕ್ಕೆ 50ನೆಯವರು. ಆ ಸುದ್ದಿ ಬಂದ ದಿನ ನಾನು ಮನೆಯಲ್ಲಿ ಪಾಯಸ ಮಾಡಿಸಿದೆ. ಯಾಕೆಂದು ಹೆಂಡತಿಗೆ ಅರ್ಥ ಮಾಡಿಸಲು ಪಾಯಸ ಆಗುವಷ್ಟೇ ಹೊತ್ತು ಹಿಡಿಯಿತು.

ಸೋವಿಯತ್ತಿನವರು ಮಾಡಿದ್ದೇನು? ಮಿಖಾಯಿಲ್ ಬೋತ್ವಿನ್ನಿಕ್ ವೃತ್ತಿಯಿಂದ ವಿದ್ಯುತ್ ಎಂಜಿನಿಯರು, ಅದೇ ಶಿಸ್ತನ್ನು ಆಟಕ್ಕೆ ತಂದ. ಹೊಸದಾಗಿ ಅಚ್ಚಾದ ಆಟಗಳನ್ನೆಲ್ಲ ಓದು. ನಿನಗೆ ಒಗ್ಗುವ ಮೂರು ನಾಲ್ಕು ಓಪನಿಂಗ್ ಮಾತ್ರ ಇಟ್ಟುಕೋ. ಅದನ್ನು ಗೆಳೆಯನ ಜೊತೆ ಗುಟ್ಟಾಗಿ ಆಡಿ ನೋಡು. ನಿನ್ನ ಆಟಗಳಿಗೆ ನೀನೇ ಟಿಪ್ಪಣಿ ಬರೆದು ಪ್ರಕಟಿಸು, ಜನ ತಪ್ಪು ಹುಡುಕಲಿ. ಸಿಗರೇಟಿನ ಹೊಗೆ ಅವನಿಗೆ ಆಗುತ್ತಿರಲಿಲ್ಲ, ಆದ್ದರಿಂದ ಅಭ್ಯಾಸದ ಆಟದಲ್ಲಿ ಗೆಳೆಯನಿಂದ ಮುಖಕ್ಕೆ ಹೊಗೆ ಬಿಡಿಸಿಕೊಳ್ಳುತ್ತಿದ್ದನಂತೆ. ವೈದ್ಯನಾಗಿ ಇದನ್ನು ನಾನು ಶಿಫಾರಸು ಮಾಡಲಾರೆ.

1966ರಲ್ಲಿ ಬೆಲ್‌ಗ್ರೇಡಿನಿಂದ ಇನ್ಫಾರ್ಮೇಟರ್ ಎಂಬ ಸಂಚಿಕೆ ಬರತೊಡಗಿತು. ಜಗತ್ತಿನ ಆಯ್ದ ಆಟಗಳು, ಟಿಪ್ಪಣಿಯೆಲ್ಲ ಚಿಹ್ನೆಗಳಲ್ಲಿ. ಯಾವ ಭಾಷೆಯವನೂ ಓದಬಹುದು. ಅದೇ ಮನೆಯಿಂದ 1974ರಿಂದ ಬಂದ ಓಪನಿಂಗ್ ವಿಶ್ವಕೋಶ ಎಲ್ಲ ಆರಂಭಗಳನ್ನೂ 500 ಸಂಕೇತಗಳಲ್ಲಿ ವಿಂಗಡಿಸಿತು. ನಮ್ಮ ಕಾಯಿಲೆಗಳಿಗೂ ಇಂಥ ಸಂಖ್ಯೆ ಇವೆ. ಅದನ್ನು ಕಂಡಾಗ ನನಗೆ ಮನೆಗೆ ಬಂದ ಹಾಗೆ ಅನಿಸಿತು. ಮುಂದೆ ಕಂಪ್ಯೂಟರ್. 1985ರಲ್ಲಿ ಕಾಸ್ಪರೋವ್ ಹ್ಯಾಂಬರ್ಗಿನ ತಂಡದ ಎಂಟು ಮಂದಿಯನ್ನು ಒಟ್ಟಿಗೆ ಎದುರಿಸಿ 3.5–4.5ರಲ್ಲಿ ಸೋತ. 1987ರಲ್ಲಿ ಮತ್ತೆ ಹೋದಾಗ ಆಗಷ್ಟೇ ಹುಟ್ಟಿದ್ದ ಚೆಸ್‌ಬೇಸ್‌ನಲ್ಲಿ ಎದುರಾಳಿಗಳ ಹಳೆಯ ಆಟಗಳನ್ನು ನೋಡಿಕೊಂಡು ಕೂತ, 7–1ರಲ್ಲಿ ಗೆದ್ದ. ಆಟಗಾರ ಅವನೇ, ಹೊಸದಾಗಿ ಸೇರಿದ್ದು ಎದುರಾಳಿಗಳ ಬರೆದಿಟ್ಟ ಆಟಗಳು.

ಈಗ ನನ್ನ ಪುಸ್ತಕಕ್ಕೆ ಬರುತ್ತೇನೆ. ಪರೀಕ್ಷೆಯೊಂದಕ್ಕೆಂದು ಲಂಡನ್ನಿಗೆ ಹೋದಾಗ ಹಳೆಯ ಪುಸ್ತಕದಂಗಡಿಯಲ್ಲಿ ಡೇವಿಡ್ ಬ್ರಾನ್‌ಸ್ಟೈನ್ ಬರೆದ 1953ರ ಜೂರಿಕ್ ಪಂದ್ಯಾವಳಿಯ ಪುಸ್ತಕ ಸಿಕ್ಕಿತು. 15 ಆಟಗಾರರು, 30 ಸುತ್ತು, ಒಟ್ಟು 210 ಆಟ. ಗೆದ್ದವನು ಸ್ಮಿಸ್ಲೋವ್. ಅದನ್ನು ಬಹ್ರೇನಿಗೆ ತಂದು, ಆಗ ಗುರುವಾರ–ಶುಕ್ರವಾರ ರಜೆಯಿದ್ದ ಕಾಲದಲ್ಲಿ, ಗುರುವಾರ ಮಧ್ಯಾಹ್ನಗಳನ್ನು ಅದಕ್ಕೇ ಇಟ್ಟೆ. ಹೊರಗೆ 44 ಡಿಗ್ರಿ, ಒಳಗೆ ಎಸಿ, ಮೇಜಿನ ಮೇಲೆ ಹಾಸು. ಮೂರನೇ ವಾರವೋ ನಾಲ್ಕನೇ ವಾರವೋ ಕಪ್ಪಿನವನು ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ, ಕಿಂಡಿಯಲ್ಲಿ ಒಂಟೆ ಕೂರಿಸಿ, ಮಂತ್ರಿಯ ಮುಂದಿನ ಕಾಲಾಳನ್ನು ಒಂದು ಮನೆ ತಳ್ಳಿದ. ಪುಟದ ಮೇಲೆ ಕಿಂಗ್ಸ್ ಇಂಡಿಯನ್ ಎಂದು ಬರೆದಿತ್ತು. ಅಜ್ಜನ ಆಟ. ಜಗತ್ತಿನ ಹದಿನೈದು ಮಂದಿ ದೊಡ್ಡ ಆಟಗಾರರು ಎರಡು ತಿಂಗಳು ಕೂತು ವಾದ ಮಾಡಿದ್ದು ಅದರ ಮೇಲೆ. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತೆ.

ಆ ಒಂದು ಓಪನಿಂಗಿನ ಆಟಗಳನ್ನು ಮಾತ್ರ ಆರಿಸಿಕೊಂಡು ಓದಿದೆ. ಮೊದಲ ಸಲ ಬೇಗ ಬೇಗ, ಆಟಕ್ಕೆ ಐದು ನಿಮಿಷ. ಕಾಯಿಗಳು ಎಲ್ಲಿ ಹೋಗಿ ಸೇರುತ್ತವೆ ಎಂದು ನೋಡಲಷ್ಟೇ. ಎರಡನೇ ಸಲ ಪುಟದ ಮೇಲೆ ಪ್ರಿಸ್ಕ್ರಿಪ್ಷನ್ ಪ್ಯಾಡ್ ಇಟ್ಟು ನಡೆಗಳನ್ನು ಮುಚ್ಚಿ, ಮುಂದಿನದನ್ನು ನಾನೇ ಊಹಿಸಿ, ಆಮೇಲೆ ಸರಿಸಿ ನೋಡುವುದು. ಮೊದಮೊದಲು ಹತ್ತರಲ್ಲಿ ಎರಡು ಸರಿಯಾದರೆ ಹೆಚ್ಚು. ಕಾಲೇಜಿನಲ್ಲಿದ್ದಾಗ ಎಫ್6ರ ಕುದುರೆ ಡಿ7ಕ್ಕೆ ಹಿಂದೆ ಸರಿಯುವ ನಡೆಯನ್ನು ಕಂಬದಲ್ಲಿ ಓದಿ, ಮುಂದೆ ಬಂದ ಕುದುರೆ ಹಿಂದೆ ಹೋಗುವುದು ಯಾಕೆಂದು ತಿಳಿಯದೆ ಉರು ಹೊಡೆದಿದ್ದೆ. ಆಟಗಳಲ್ಲಿ ನೋಡಿದಾಗ ತಿಳಿಯಿತು. ಬಿಳಿ ಡಿ5 ಆಡಿ ನಡುವನ್ನು ಮುಚ್ಚಿದರೆ, ಕುದುರೆ ದಾರಿ ಬಿಟ್ಟುಕೊಡುತ್ತದೆ, ಎಫ್ ಸಾಲಿನ ಕಾಲಾಳು ಎರಡು ಮನೆ ಹಾರಿ ರಾಜನ ಕಡೆ ನುಗ್ಗುತ್ತದೆ. ನಡೆಯಲ್ಲ, ಕಾರಣ ನೆನಪಿಗೆ ಬಂತು. ಕಾರಣ ಬಂದ ಮೇಲೆ ನಡೆ ತಾನಾಗಿ ಬಂತು. ಸೋತ ಆಟಗಳು ಇನ್ನೂ ಹೆಚ್ಚು ಕಲಿಸಿದವು. ಕಪ್ಪು ಸೋತ ಎಷ್ಟೋ ಆಟಗಳಲ್ಲಿ ಜಿ7ರ ಆ ಒಂಟೆ ತನ್ನದೇ ಇ5 ಕಾಲಾಳಿನ ಹಿಂದೆ, ಬೇಲಿಯ ಹಿಂದೆ ಕಟ್ಟಿದ ಎತ್ತಿನಂತೆ, ಕೊನೆಯ ತನಕ ನಿಂತೇ ಇತ್ತು. ಅಜ್ಜ ಆ ಕಾಲಾಳನ್ನು ಯಾವಾಗ ಮುಂದೆ ತಳ್ಳುತ್ತಿದ್ದರು, ಒಂಟೆಗೆ ದಾರಿ ಹೇಗೆ ಬಿಡಿಸುತ್ತಿದ್ದರು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಮೊದಲ ಆರೇಳು ನಡೆ ಬಿಟ್ಟರೆ ಏನೂ ಉಳಿದಿಲ್ಲ. ಎಲೆ ಅಡಿಕೆಯ ವಾಸನೆ ಇದೆ, ನಡೆಗಳಿಲ್ಲ.

ಹುಡುಗನಿಗೆ ನಾನು ಉತ್ತರ ಹೇಳಲಿಲ್ಲ. ಮುಂದಿನ ಶುಕ್ರವಾರ ಕಲ್ಕತ್ತೆಯ 1855ರ ಆಟವನ್ನು ದೊಡ್ಡ ಅಕ್ಷರದಲ್ಲಿ ಬರೆದು ತಂದು, ನಡೆಗಳನ್ನು ಮುಚ್ಚಿ, ಮಕ್ಕಳಿಂದ ಊಹಿಸಿ ಆಡಿಸಿದೆ. ಮಂತ್ರಿಯ ಬಲಿ ಬಂದಾಗ ಇಡೀ ಕೋಣೆ ಕೂಗಿತು. ಫೋನಿನ ಎಂಜಿನ್ ಅದಕ್ಕೆ ಎಷ್ಟು ಅಂಕ ಕೊಡುತ್ತದೆ ಎಂದು ನೋಡಲು ಇಬ್ಬರು ಹೊರಟರು. ಫೋನುಗಳನ್ನು ಅಮ್ಮಂದಿರ ಕೈಗೆ ಕೊಡಿಸಿದೆ. ಎಂಜಿನ್ ಬೇಡವೆಂದಲ್ಲ. ತಾನು ಊಹಿಸಿದ ಮೇಲೆ ಕೇಳಬೇಕು, ಮೊದಲು ಕೇಳಿದರೆ ಅದೂ ನನ್ನ ಹಾಸ್ಟೆಲಿನ ದಪ್ಪ ಪುಸ್ತಕವೇ. ಹತ್ತು ಮೂವ್ ಕೇಳಿದ್ದ ಹುಡುಗ ಈಗ ಮೂರು ನಡೆ ಮಾತ್ರ ಬಾಯಲ್ಲಿ ಹೇಳುತ್ತಾನೆ. ನಾಲ್ಕನೆಯದಕ್ಕೆ "ಅವನು ಏನು ಆಡ್ತಾನೋ ನೋಡ್ಬೇಕು ಅಂಕಲ್" ಎನ್ನುತ್ತಾನೆ.

ಅಂದಿನಿಂದ ತರಗತಿಯಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ: ಆಡಿದ ಪ್ರತಿ ಆಟವನ್ನೂ ಇಬ್ಬರೂ ಬರೆಯಬೇಕು, ತಾರೀಖು ಹಾಕಬೇಕು, ಹಾಳೆಯನ್ನು ಸಂಘದ ಬೀರುವಿನ ಫೈಲಿಗೆ ಸೇರಿಸಬೇಕು. ಎ, ಬಿ, ಸಿ ಎಂದು ಇಂಗ್ಲಿಷಿನಲ್ಲಿ ಬರೆದರೂ ಸರಿ, ಕುದುರೆ, ಒಂಟೆ ಎಂದು ಕನ್ನಡದಲ್ಲಿ ಬರೆದರೂ ಸರಿ. ಈಗ 180 ಹಾಳೆ ದಾಟಿವೆ. ಸದಸ್ಯರು ಯಾರು ಬೇಕಾದರೂ ತೆಗೆದು ನೋಡಬಹುದು. ಮೇಲಿನಿಂದ ಎರಡನೆಯದು ನನ್ನದು: ಕಿಂಗ್ಸ್ ಇಂಡಿಯನ್, ಕಪ್ಪು ಕಾಯಿ, 31 ನಡೆ, ಐದನೇ ತರಗತಿಯ ಹುಡುಗಿಯ ಕೈಯಲ್ಲಿ ಸೋಲು. ಜಿ7ರ ಒಂಟೆ ಕೊನೆಯ ತನಕ ಕದಲಲಿಲ್ಲ. ಅದನ್ನು ಹಾಳೆಯ ಅಂಚಿನಲ್ಲಿ ಅವಳೇ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾಳೆ.